ಮೂರನೆಯ ಗಿಳಿಯ ಕಣ್ಣು

ನಲವತ್ತೊಂದನೆಯ ಕಂತಿನಲ್ಲಿ ಮಹಡಿಯ ಮೇಲೆ ಮಲಗಿಸಿದ ಮಗುವನ್ನು ಐವತ್ತಾರನೆಯ ಕಂತು ಮುಗಿದರೂ ಯಾರೂ ಎತ್ತಿಕೊಂಡಿರಲಿಲ್ಲ.

ಈ ಚಿಂತೆ ನನ್ನ ತಲೆಯಿಂದ ಹೋಗಲೊಲ್ಲದು. ‘ಹನ್ನೆರಡು ಮೆಟ್ಟಿಲ ಮನೆ’ ಎಂಬ ಹಳೆಯ ನಗೆ ಧಾರಾವಾಹಿಯಲ್ಲಿ ಸೊಸೆ ತನ್ನ ಕೂಸನ್ನು ತೊಟ್ಟಿಲಿಗೆ ಹಾಕಿ, “ಶ್... ಯಾರೂ ಸದ್ದು ಮಾಡಬೇಡಿ” ಎಂದು ತುಟಿಯ ಮೇಲೆ ಬೆರಳಿಟ್ಟು ಕೆಳಗಿಳಿದು ಬಂದಳು. ಅಷ್ಟೇ. ಆಮೇಲೆ ಆ ಮನೆಗೆ ಕಳ್ಳ ಬಂದ, ಮಾವ ಹಲ್ಲಿನ ಸೆಟ್ಟು ಕಳೆದುಕೊಂಡ, ಇಡೀ ಸಂಸಾರ ಎರಡು ಕಂತು ತಿರುಪತಿಗೆ ಹೋಗಿಬಂತು. ಮಗುವಿನ ಮಾತೇ ಇಲ್ಲ. ಯಾರೂ ಹಾಲು ಬಿಸಿಮಾಡುವುದಿಲ್ಲ, ಹಗ್ಗದ ಮೇಲೆ ಒಂದು ದುಪ್ಪಟಿ ಒಣಗುವುದಿಲ್ಲ. ನಾನು ಹನ್ನೊಂದು ತಿಂಗಳ ಮಗಳಿಗೆ ರಾಗಿ ಸರಿ ತಿನ್ನಿಸುತ್ತ ಅದನ್ನೇ ಯೋಚಿಸುತ್ತಿದ್ದೆ. ಒಂದು ಚಮಚ ಅವಳ ಮೂಗಿಗೂ ಹೋಯಿತು.

“ಆ ಕೂಸಿಗೆ ಈಗ ಇಪ್ಪತ್ಮೂರು ವರ್ಷ ಆಗಿರ್ತಾವ. ತಾನಾಗೇ ಇಳದು ಬರ್ತೈತಿ ಬಿಡು” ಎಂದು ನನ್ನ ಗಂಡ ಸಂಗನಬಸವ ಬೂಟು ಹಾಕಿಕೊಂಡು ಹೊರಟ. ಅವನು ದನದ ಡಾಕ್ಟರು. ದುಮ್ಮವಾಡದಲ್ಲಿ ಒಂದು ಎಮ್ಮೆ ಮೇವು ಬಿಟ್ಟಿತ್ತಂತೆ. ಎಮ್ಮೆಯ ಚಿಂತೆಗೆ ಸಂಬಳವಿದೆ, ನನ್ನ ಚಿಂತೆಗೆ ಇಲ್ಲ.

ಇದನ್ನೆಲ್ಲ ನನ್ನ ತಲೆಗೆ ಹಚ್ಚಿದವರು ಪಕ್ಕದ ಮನೆಯ ಕುತುಬುದ್ದೀನ ಕಾಕಾ.

ಕಾಕಾ ಬಡಿಗರು. ಕಲಘಟಗಿ ತೊಟ್ಟಿಲು ಎಂದ ಕೂಡಲೇ ಜನ ಅರಗಿನ ಬಣ್ಣ, ಹೂಬಳ್ಳಿ, ಗಿಳಿ ಎನ್ನುತ್ತಾರೆ. ಬಣ್ಣದ ಕೆಲಸದ ಮನೆಗಳಿಗೆ ಹೆಸರಿದೆ. ಅವರ ಫೋಟೋ ಪೇಪರಿನಲ್ಲಿ ಬರುತ್ತದೆ. ಆದರೆ ಬಣ್ಣ ಬೀಳುವ ಮೊದಲು ಸಾಗವಾನಿ ಕೊಯ್ದು, ಕಾಲು ಕಡೆದು, ಮೊಳೆ ಹೊಡೆಯದೆ ಬೆಣೆಯಿಂದಲೇ ಕೂಡಿಸಿ ಕೊಡುವ ಕಾಕಾನ ಹೆಸರು ಯಾರಿಗೂ ಗೊತ್ತಿಲ್ಲ. “ತೊಟ್ಟಿಲಾ ಅಂದ್ರ ಎಲ್ಲಾರೂ ಬಣ್ಣಾ ನೋಡ್ತಾರವ್ವ. ಕೂಸು ಮಲಗೂದು ಮಾತ್ರ ಕಟಗಿ ಮ್ಯಾಲೆ” ಎನ್ನುತ್ತಾರೆ. ಅರವತ್ತೈದು ದಾಟಿದ ಮನುಷ್ಯ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತದೆ. ನಮಾಜಿಗೆ ಹೋಗುವಾಗ ಅದನ್ನು ತೆಗೆದು ಕಿಟಕಿಯಲ್ಲಿಟ್ಟು, ಬಂದಮೇಲೆ ಮನೆಯೆಲ್ಲ ಹುಡುಕುತ್ತಾರೆ.

ನಾನು ಮೈಸೂರಿನಲ್ಲಿ ಓದಿದವಳು. ಮಗುವನ್ನು ಹೇಗೆ ಬೆಳೆಸಬೇಕೆಂದು ಮೂರು ಪುಸ್ತಕ ಓದಿ, ಮೂರೂ ಬೇರೆ ಬೇರೆ ಹೇಳಿದ್ದರಿಂದ ಮೂರು ಪಟ್ಟು ಹೆದರಿಕೊಂಡಿದ್ದೆ. ಒಂದು ನೋಟ್‌ಬುಕ್ಕಿನಲ್ಲಿ ಮಗಳು ಎಷ್ಟು ಹೊತ್ತಿಗೆ ಮಲಗಿದಳು, ಎದ್ದಳು, ಎಷ್ಟು ಸಲ ಸೀನಿದಳು ಎಂದು ಬರೆದಿಡುತ್ತಿದ್ದೆ. ಮಗಳಿಗೆ ಗಂಡನ ಅಜ್ಜಿಯ ಹೆಸರು, ನೀಲಕ್ಕ. ಈ ನೀಲಕ್ಕನಿಗೆ ಮಧ್ಯಾಹ್ನದ ನಿದ್ದೆ ಬರುತ್ತಿದ್ದುದು ಪಕ್ಕದ ಮನೆಯಲ್ಲಿ ಕಾಕಾ ಕೀಸುಳಿ ಹೊಡೆಯುವ ಸರಸರ ಸದ್ದಿಗೆ ಮಾತ್ರ. ಆದರೆ ದಿನಾ ಎರಡೂವರೆಗೆ ಸದ್ದು ತಟ್ಟನೆ ನಿಲ್ಲುತ್ತಿತ್ತು, ಇವಳು ಕಣ್ಣು ಬಿಡುತ್ತಿದ್ದಳು. ಹದಿನೈದು ದಿನ ಬರೆದುಕೊಂಡು, ಪುರಾವೆ ಸಮೇತ, ಜಗಳವಾಡಲು ಹೋದೆ.

ಬಾಗಿಲು ತೆರೆದೇ ಇತ್ತು. ಕಾಕಾ ಮತ್ತು ಅವರ ಹೆಂಡತಿ ಶರೀಫಾಬಿ ಚಾಚಿ ಟೀವಿಯ ಮುಂದೆ ಕೂತಿದ್ದರು. ಹಳೆಯ ಧಾರಾವಾಹಿಗಳನ್ನೇ ಮತ್ತೆ ಮತ್ತೆ ಹಾಕುವ ಚಾನೆಲ್ಲು.

“ನೋಡ್ರಿ, ನೋಡ್ರಿ” ಎಂದು ಕಾಕಾ ನನಗೆ ಕೂರಲೂ ಹೇಳದೆ ಬೆರಳು ತೋರಿಸಿದರು. “ನಿನ್ನಿ ಅಡಗಿಮನಿ ಬಾಗಲಾ ಒಳಗ ತೆಗೀತಿತ್ತು. ಇವತ್ತ ಹೊರಗ ತೆಗೀಲಿಕ್ಕತ್ತೈತಿ. ತಿರುಗುಣಿ ಏನ್ ರಾತ್ರೋರಾತ್ರಿ ನಡಕೊಂತ ಆ ಕಡಿಗೆ ಹೋತೇನು?”

“ಬಾಗಲಾ ಹಾಳಾಗ್ಲಿ” ಎಂದರು ಶರೀಫಾಬಿ. “ಆ ದೊಡ್ಡಮಗನ್ನ ನೋಡ್ರಿ. ಹೋದ ವಾರ ಬ್ಯಾಂಕಿಗೆ ಹೋಗ್ತಿದ್ದ, ಈ ವಾರ ವಿಮಾ ಏಜೆಂಟ್ ಅಂತ. ನೌಕರಿ ಬಿಟ್ಟ ಸುದ್ದೀನ ಮನ್ಯಾಗ ಯಾರಿಗೂ ಹೇಳಿಲ್ಲ. ಹೆಂಡ್ತಿ ಕೇಳಂಗೂ ಇಲ್ಲ. ಎಂಥಾ ಹೆಂಡ್ತಿ!”

“ನೀ ಆಗಿದ್ರ ಕೇಳ್ತಿದ್ದಿ.”

“ನಾ ಆಗಿದ್ರ ಅಂವ ಬಿಡ್ತಿದ್ದಿಲ್ಲ.”

ಮುಂದಿನ ಅರ್ಧ ಗಂಟೆಯಲ್ಲಿ ನನಗೆ ತಿಳಿದದ್ದು ಇಷ್ಟು. ಹೆಸರಿಗೆ ಹನ್ನೆರಡು ಮೆಟ್ಟಿಲ ಮನೆಯಾದರೂ ಮೆಟ್ಟಿಲು ಒಂಬತ್ತೇ. ಮಹಡಿಯ ಕಿಟಕಿಯಿಂದ ನೋಡಿದರೆ ತರಕಾರಿ ಗಾಡಿಯವನು ಎದೆಯ ಮಟ್ಟಕ್ಕೆ ಕಾಣುತ್ತಾನೆ. ಗೋಡೆಯ ಗಡಿಯಾರದಲ್ಲಿ ಯಾವಾಗಲೂ ನಾಲ್ಕೂ ಇಪ್ಪತ್ತು. ಅಜ್ಜಿಗೆ ಕನ್ನಡಕವಿಲ್ಲದೆ ಮೊಮ್ಮಗನ ಗುರುತೇ ಹತ್ತುವುದಿಲ್ಲ, ಆದರೆ ಬೇಕಾದಾಗ ಸೂಜಿಗೆ ದಾರ ಪೋಣಿಸುತ್ತಾಳೆ. ಮರದ ತಪ್ಪು, ಮೊಳೆಯ ತಪ್ಪು ಕಾಕಾನ ಪಾಲು. ಮನುಷ್ಯರ ತಪ್ಪು ಶರೀಫಾಬಿಯ ಪಾಲು. ಒಬ್ಬರ ಗಡಿಯನ್ನು ಇನ್ನೊಬ್ಬರು ದಾಟುವುದಿಲ್ಲ. ಇಬ್ಬರೂ ಈ ಧಾರಾವಾಹಿಯನ್ನು ನೋಡುತ್ತಿದ್ದುದು ಇದು ಐದನೆಯ ಸಲ.

ನೀಲಕ್ಕ ನನ್ನ ತೊಡೆಯ ಮೇಲೆ ಗಾಢ ನಿದ್ದೆ ಹೋಗಿದ್ದಳು. ಜಗಳ ಮಾಡಲು ಬಂದ ವಿಷಯವನ್ನು ನಾನು ಹೇಳಲೇ ಇಲ್ಲ. ಮರುದಿನ ಎರಡೂವರೆಗೆ ಐದು ನಿಮಿಷ ಮೊದಲೇ ಹೋದೆ. ನೋಟ್‌ಬುಕ್ಕನ್ನೂ ಒಯ್ದೆ. ಮಗಳ ನಿದ್ದೆಯ ಸಾಲಿನ ಪಕ್ಕದಲ್ಲಿ ಕಂತಿನ ಸಂಖ್ಯೆ, ಅದರ ಮುಂದೆ ಇವರಿಬ್ಬರು ಹಿಡಿದ ತಪ್ಪು, ಹೀಗೆ ಬರೆಯತೊಡಗಿದೆ. ಬರೆಯದಿದ್ದರೆ ಏನೋ ಕೈತಪ್ಪಿ ಹೋಗುತ್ತದೆ ಎಂಬುದು ನನ್ನ ಹಳೆಯ ರೋಗ.

ಮೂವತ್ಮೂರನೆಯ ಕಂತಿನಲ್ಲಿ ಸೊಸೆಗೆ ಮಗು ಹುಟ್ಟಿತು. ಪರದೆಯ ಮೇಲೆ ಒಂದು ಕಲಘಟಗಿ ತೊಟ್ಟಿಲು ಬಂತು. ಕಾಕಾ ತಮಾಷೆ ನಿಲ್ಲಿಸಿ ನೆಟ್ಟಗೆ ಕೂತರು.

“ನಮ್ಮಪ್ಪ ಮಾಡಿದ್ದು” ಎಂದರು.

ನಾನು ನಕ್ಕೆ. ಯಾರೂ ನಗಲಿಲ್ಲ.

“ನಗಬ್ಯಾಡ ಐಶೂ, ಖರೇನ ಐತಿ” ಎಂದು ಶರೀಫಾಬಿ ಎದ್ದು ಚಹಾಕ್ಕಿಟ್ಟರು. ಪಾತ್ರೆ ಇಟ್ಟ ಸದ್ದು ತುಸು ಜೋರಾಗಿಯೇ ಇತ್ತು. “ಕೇಳು, ಈ ಮಿಸ್ತ್ರಿ ಸಾಹೇಬ್ರ ಶಾಣ್ಯಾತನಾ. ಇಪ್ಪತ್ಮೂರು ವರ್ಷದ ಹಿಂದ ಬೆಂಗಳೂರಿಂದ ಸೀರಿಯಲ್ ಮಂದಿ ಬಂದ್ರು. ನಾಕ ದಿನದಾಗ ತೊಟ್ಟಿಲಾ ಬೇಕು ಅಂದ್ರು. ಅರಗಿನ ಬಣ್ಣದ ಕೆಲಸ ನಾಕ ದಿನದಾಗ ಆಗ್ತೈತೇನು? ಆಗಂಗಿಲ್ಲ ಅಂತ ಹೇಳಿ ಕಳಸಬೇಕೋ ಬ್ಯಾಡೋ? ಇವ್ರು ಮನ್ಯಾಗಿನ ತೊಟ್ಟಿಲಾನ ಬಿಚ್ಚಿ ಕೊಟ್ರು. ಚೀಟಿಲ್ಲ, ಚಪಾಟಿಲ್ಲ. ಟೀವ್ಯಾಗ ಬರ್ತೈತಿ ಅಂತ ಹುರುಪ!”

“ನಮ್ಮ ಮಗಳು ಫರಹತ್‌ಗೆ ಆಗ ಐದ್ ವರ್ಷ ಆಗಿತ್ತು. ತೊಟ್ಟಿಲಾ ಖಾಲಿನ ಇತ್ತು” ಎಂದರು ಕಾಕಾ, ಟೀವಿಯಿಂದ ಕಣ್ಣು ತೆಗೆಯದೆ.

“ಖಾಲಿ ತೊಟ್ಟಿಲಾ ತೂಗಬಾರದು ಅಂತ ನಾವು ಕೂಸುಗೋಳನ್ನ ಹತ್ರಾನೂ ಬಿಡತಿದ್ದಿಲ್ಲ. ಅಲ್ಲಿ ಒಯ್ದು ರಬ್ಬರ್ ಗೊಂಬಿ ಹಾಕಿ ತೂಗ್ಯಾರ! ಅದಕ್ಕ ಅದು ತಿರುಗಿ ಬರಲಿಲ್ಲ.”

ಒಂದು ತಿಂಗಳಿಗೆ ಕೊಡುತ್ತೇವೆ ಎಂದಿದ್ದರಂತೆ. ವರ್ಷದ ಮೇಲೆ ಕಾಕಾ ಬೆಂಗಳೂರಿಗೆ ಹೋದಾಗ ಧಾರಾವಾಹಿ ಮುಗಿದಿತ್ತು. ಶೂಟಿಂಗ್ ಮಾಡಿದ ಜಾಗದಲ್ಲಿ ಯಾರದೋ ಮದುವೆ ನಡೆದಿತ್ತು. ಊಟ ಹಾಕಿ ಕಳಿಸಿದರಂತೆ.

ಅಂದಿನಿಂದ ಮರುಪ್ರಸಾರ ಬಂದಾಗಲೆಲ್ಲ ಕಾಕಾ ತಮ್ಮ ಅಪ್ಪನ ತೊಟ್ಟಿಲನ್ನು ನೋಡಲು ಕೂರುತ್ತಾರೆ. ಬಾಗಿಲು, ಮೆಟ್ಟಿಲುಗಳೆಲ್ಲ ಕಾಯುವ ಹೊತ್ತು ಕಳೆಯಲು.

“ಮೂರನೇ ಗಿಳೀ ನೋಡು” ಎಂದರು ಕಾಕಾ. ತೊಟ್ಟಿಲಿನ ಅಂಚಿನಲ್ಲಿ ಸಾಲಾಗಿ ಐದು ಹಸಿರು ಗಿಳಿ. ಮೂರನೆಯದಕ್ಕೆ ಕಣ್ಣಿಲ್ಲ. “ಫರಹತ್‌ಗೆ ಹಲ್ಲ ಬರುವಾಗ ಕಚ್ಚಿ ಕಚ್ಚಿ ತಗದಾಳ.”

ಆ ಮನೆಯ ನಡುಮನೆಯ ತೊಲೆಯಲ್ಲಿ ಎರಡು ಕಬ್ಬಿಣದ ಕೊಂಡಿಗಳಿದ್ದವು. ಅವು ಯಾಕೆ ಖಾಲಿ ಎಂದು ಆವತ್ತು ತಿಳಿಯಿತು. ಇನ್ನೊಂದು ಮಾಡಿಕೊಳ್ಳಬಹುದಲ್ಲ ಕಾಕಾ ಎಂದೆ. ಹಾಗಿಲ್ಲವಂತೆ. ಬಡಿಗ ಊರಿಗೆಲ್ಲ ತೊಟ್ಟಿಲು ಮಾಡಬಹುದು, ತನ್ನ ಮೊಮ್ಮಕ್ಕಳ ತೊಟ್ಟಿಲಿಗೆ ಮಾತ್ರ ತಾನು ಉಳಿ ಹಚ್ಚಬಾರದು, ಅದು ಹಿರಿಯರ ಕೈಯದೇ ಆಗಿರಬೇಕು. ಇದು ಅವರ ವಂಶದ ರೂಢಿ. ಕಾಕಾನ ಕೈಯಿಂದ ನೂರಾರು ತೊಟ್ಟಿಲು ಗೋವಾದವರೆಗೂ ಹೋಗಿವೆ, ಮನೆಯ ಕೊಂಡಿ ಮಾತ್ರ ಖಾಲಿ.

ಧಾರಾವಾಹಿ ನಲವತ್ತೈದನೆಯ ಕಂತಿಗೆ ಬಂದಾಗ ಫರಹತ್‌ಗೆ ತವರಿನಲ್ಲಿ ಹೆಣ್ಣು ಮಗು ಹುಟ್ಟಿತು. ನಲವತ್ತನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಬಂಧುಗಳಿಗೆ ಊಟ ಹಾಕಬೇಕು. ಅಲ್ಲಿಯವರೆಗೆ ಹಳೆಯ ಸೀರೆಯ ಜೋಳಿಗೆ. ಶರೀಫಾಬಿಯ ಚುಚ್ಚುಮಾತಿಗೆ ಹೊಸ ಸುಗ್ಗಿ ಬಂತು. ಕಾಕಾ ಉಣ್ಣಲು ಕೂತರೆ, “ಮೊಮ್ಮಗಳನ್ನ ಟೀವ್ಯಾಗ ಮಲಗಸ್ತೀರೇನ್ರಿ?” ಎದ್ದರೆ, “ಬೆಂಗಳೂರಿಗೆ ಹೊಂಟ್ರೇನ್ರಿ, ಮದವಿ ಊಟಕ್ಕ?” ಕಾಕಾ ನಗುತ್ತಿದ್ದರು. ನಕ್ಕ ಮೇಲೆ ಬಹಳ ಹೊತ್ತು ಒಂದೇ ಹಲಗೆಯನ್ನು ಕೀಸುತ್ತಿದ್ದರು. ನೀಲಕ್ಕನ ನಿದ್ದೆಗೆ ಅದು ಒಳ್ಳೆಯದೇ ಆಯಿತು.

ಐವತ್ತಾರನೆಯ ಕಂತು ಮುಗಿದ ಮಧ್ಯಾಹ್ನ ಮಹಡಿಯ ಮೇಲೆ ಬಿಟ್ಟುಬಂದ ಮಗುವಿನ ಚಿಂತೆ ತಾಳಲಾರದೆ ನೋಟ್‌ಬುಕ್ಕನ್ನು ಹಿಂದಕ್ಕೆ ತಿರುವಿದೆ. ಎಲ್ಲಾದರೂ ಯಾರಾದರೂ ಅದನ್ನು ಎತ್ತಿಕೊಂಡದ್ದು ನನಗೇ ತಪ್ಪಿಹೋಗಿದೆಯೇನೋ ಎಂದು. ಅಲ್ಲಿ ಒಂದರ ಕೆಳಗೊಂದು ಎರಡು ಸಾಲು ಹೀಗಿದ್ದವು:

“38. ಗಂಗಿ ಮತ್ತೆ ಬುಟ್ಟಿ ಹಿಡಿದೇ ಮಾತಾಡುತ್ತಾಳೆ (ಚಾಚಿ). ಗಿಳಿಗೆ ಕಣ್ಣಿಲ್ಲ (ಕಾಕಾ). ನೀಲಕ್ಕ 40 ನಿಮಿಷ.”

“39. ಗಂಗಿ ಊರಿಗೆ ಹೋಗಿದ್ದಾಳಂತೆ (ಚಾಚಿ). ಗಿಳಿಗೆ ಕಣ್ಣಿದೆ! ಇದು ಪ್ಲೈವುಡ್, ನಮ್ಮದಲ್ಲ (ಕಾಕಾ). ನೀಲಕ್ಕ 25 ನಿಮಿಷ, ಎರಡು ಸೀನು.”

ಗಂಗಿ ಆ ಮನೆಯ ಕೆಲಸದವಳು. ಮೊದಮೊದಲು ಸೊಂಟಕ್ಕೆ ಸೆರಗು ಸಿಗಿಸಿ ಕುಣಿಯುತ್ತಿದ್ದವಳು, ಇಪ್ಪತ್ತೈದನೆಯ ಕಂತಿನ ಮೇಲೆ ಕೈಯಲ್ಲಿ ಏನಾದರೂ ಹಿಡಿಯದೆ ಪರದೆಗೆ ಬರುತ್ತಲೇ ಇರಲಿಲ್ಲ. ಮೊದಲು ಮೊರ, ಆಮೇಲೆ ಕೊಡ, ಬರಬರುತ್ತ ಇಷ್ಟಗಲದ ಬಟ್ಟೆಯ ಬುಟ್ಟಿ. ಒಮ್ಮೆ ಬಾಗಿಲು ತೆರೆಯಲೂ ಬುಟ್ಟಿ ಇಳಿಸಲಿಲ್ಲ, ಮೊಣಕೈಯಿಂದ ಚಿಲಕ ಸರಿಸಿದಳು.

“ಚಾಚಿ, ಗಂಗಿ ಯಾಕೆ ಯಾವಾಗಲೂ ಬುಟ್ಟಿ ಹಿಡ್ಕೊಂಡಿರ್ತಾಳೆ?”

“ಬಸುರಿ ಇದ್ಲಲ್ಲ. ಹೊಟ್ಟಿ ಮುಚ್ಚಗೋಬೇಕಲ್ಲ” ಎಂದರು ಶರೀಫಾಬಿ, ಬೆಳ್ಳುಳ್ಳಿ ಸುಲಿಯುತ್ತ.

“ಕಥೇಲಿ ಹಾಗಿಲ್ಲವಲ್ಲ.”

“ಕಥಿಯಾಗ ಇಲ್ಲವ್ವ, ಖರೇನ ಬಸುರಿ. ಆ ನಟಿ. ನಡಿಗಿ ನೋಡಿದ್ರ ತಿಳಿಯಂಗಿಲ್ಲೇನು? ನಾ ಮೊದಲನೇ ಸರ್ತಿನ ಅಂದಿದ್ದೆ, ಏಳ್ ತುಂಬಿ ಎಂಟರಾಗ ಐತಿ ಅಂತ. ಐವತ್ತನೇ ಕಂತಿನ್ಯಾಗ ತಿರುಗಿ ಬಂದಾಳಲ್ಲ, ಒಣಾ ಕಟಗಿ ಹಂಗ. ಮನ್ಯಾಗಿನ ಮಂದಿ ಒಬ್ಬರೂ ಎಲ್ಲಿ ಹೋಗಿದ್ದೆವ್ವ ಅಂತ ಕೇಳಲಿಲ್ಲ.”

“ಕಾಕಾ, ತೊಟ್ಟಿಲು ಬದಲಾಗಿದ್ದು ಮೂವತ್ತೊಂಬತ್ತರಲ್ಲಿ ಅಲ್ಲವಾ?”

“ಹೌದು. ಸಾಗವಾನಿ ಹಂಗ ಹಗುರ ತೂಗಂಗಿಲ್ಲ. ಮಾರ್ಯಾರ ಬಿಡು ಅದನ್ನ, ಇಲ್ಲಾ ಒಲಿಗೆ ಹಾಕ್ಯಾರ.”

“ಬಸುರಿ ರಜೆ ಮೇಲೆ ಹೋದದ್ದೂ ಮೂವತ್ತೊಂಬತ್ತರಲ್ಲೇ. ಹೋಗೋ ಬಸುರಿಗೆ ತಂಡದವರು ಏನಾದರೂ ಉಡುಗೊರೆ ಕೊಟ್ಟಿರ್ತಾರಲ್ವಾ?”

ಬೆಳ್ಳುಳ್ಳಿ ಸುಲಿಯುವುದು ನಿಂತಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಐದು ಸಲ ಒಂದೇ ಚಾಪೆಯ ಮೇಲೆ ಕೂತು ನೋಡಿದವರು. ಇವರು ಕಟ್ಟಿಗೆಯನ್ನಷ್ಟೇ ನೋಡಿದ್ದರು, ಅವರು ಹೊಟ್ಟೆಯನ್ನಷ್ಟೇ ನೋಡಿದ್ದರು.

“ಬೆಪ್ಪ” ಎಂದರು ಶರೀಫಾಬಿ.

“ಯಾರು, ನಾನೋ ನೀನೋ?”

“ಇಬ್ಬರೂ.”

ಆ ನಟಿಯ ಹೆಸರು ಧಾರಾವಾಹಿಯ ಆರಂಭದಲ್ಲೇ ಬರುತ್ತಿತ್ತು: ಮಹಾನಂದಾ ಹೊಂಬಳ. ಸಂಗನಬಸವ ಮೊಬೈಲಿನಲ್ಲಿ ಹುಡುಕಿದ. ಆಕೆ ಈಗ ಧಾರವಾಡದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾರೆ, ಬೇಸಿಗೆ ಶಿಬಿರದ ಹಾಳೆಯಲ್ಲಿ ಫೋನ್ ನಂಬರೂ ಇದೆ. ಬಸ್ಸಿನಲ್ಲಿ ಹೋದರೆ ಒಂದು ತಾಸಿನ ದಾರಿ!

“ನೀನಾ ಫೋನ್ ಮಾಡು ತಂಗಿ” ಎಂದರು ಕಾಕಾ. “ನನಗ ಸಿಟ್ಟ ಬಂದ್ರ ಬಾಯಿ ಸುಮ್ಮನಿರಂಗಿಲ್ಲ. ಇಕೀದಂತೂ ಮೊದಲಿಂದಾನೂ ಸುಮ್ಮನಿರಂಗಿಲ್ಲ. ನೀ ಕಲತಾಕಿ.”

ಕಲಿತವಳ ಪಾಡು ಕಾಕಾನಿಗೆ ಗೊತ್ತಿಲ್ಲ. ನನಗೆ ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡಲೂ ಎದೆ ಹೊಡೆದುಕೊಳ್ಳುತ್ತದೆ. ಗುರುತಿಲ್ಲದ ಹೆಂಗಸಿಗೆ, ಅದೂ ನಟಿಗೆ, “ನೀವು ಬಸುರಿಯಾಗಿದ್ದಾಗ ತೊಟ್ಟಿಲು ತಗೊಂಡು ಹೋದಿರಾ?” ಎಂದು ಹೇಗೆ ಕೇಳುವುದು? ಕಳ್ಳಿ ಅಂದ ಹಾಗಾಗುವುದಿಲ್ಲವೇ? ಆಕೆಗೆ ಉಡುಗೊರೆಯಾಗಿ ಸಿಕ್ಕದ್ದೇ ಪ್ರೆಶರ್ ಕುಕ್ಕರ್ ಆಗಿದ್ದರೆ? ಆ ಮಗು, ದೇವರೇ, ಉಳಿದಿರದಿದ್ದರೆ? ಮಗಳ ಲಸಿಕೆ ಕಾರ್ಡಿನ ಹಿಂದೆ ಮಾತನ್ನು ಬರೆದುಕೊಂಡೆ. ‘ನಮಸ್ಕಾರ, ತಪ್ಪು ತಿಳಿಯಬಾರದು’ ಎಂದು ಶುರುವಾಗಿ ‘ಕ್ಷಮಿಸಿ’ ಎಂದು ಮುಗಿಯುವ ಹನ್ನೊಂದು ಸಾಲು. ನಡುವೆ ತೊಟ್ಟಿಲಿನ ಪ್ರಸ್ತಾಪವೇ ಬಂದಿರಲಿಲ್ಲ.

ನಾಳೆ ಮಾಡುತ್ತೇನೆ ಎಂದು ಮೂರು ವಾರ ದೂಡಿದೆ. ಒಂದು ದಿನ ನೆಟ್‌ವರ್ಕ್ ಇರಲಿಲ್ಲ, ಒಂದು ದಿನ ಅಮಾವಾಸ್ಯೆ, ಇನ್ನೊಂದು ದಿನ ನೀಲಕ್ಕನಿಗೆ ನೆಗಡಿ. ಮಾಡಿದೆಯಾ ಎಂದು ಅವರು ಕೇಳಲಿಲ್ಲ. ಎರಡೂವರೆಗೆ ನಾನು ಒಳಗೆ ಬಂದಾಗ ಇಬ್ಬರೂ ನನ್ನ ಮುಖ ನೋಡಿ, ಆಮೇಲೆ ಟೀವಿಯ ಕಡೆ ತಿರುಗುತ್ತಿದ್ದರು.

ನಲವತ್ತಕ್ಕೆ ಮೂರು ದಿನ ಉಳಿದಾಗ ಕಾಕಾ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದರು. ಮಧ್ಯಾಹ್ನ ಬಸ್ ಸ್ಟ್ಯಾಂಡಿನಿಂದ ನಡೆದು ಬರುತ್ತಿದ್ದವರನ್ನು ನಮ್ಮ ಓಣಿಯೆಲ್ಲ ನೋಡಿತು. ಹೆಗಲ ಮೇಲೆ ಮಡಚುವ ಕಬ್ಬಿಣದ ತೊಟ್ಟಿಲು. ಗುಲಾಬಿ ಬಣ್ಣದ ಸೊಳ್ಳೆಪರದೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಬಾತುಕೋಳಿಗಳು. ಹೆಜ್ಜೆಗೊಮ್ಮೆ ಅದರಲ್ಲಿದ್ದ ಗಿಲಕಿ ಸದ್ದು ಮಾಡುತ್ತಿತ್ತು.

“ಏನ್ ಮಿಸ್ತ್ರಿ, ಕಲಘಟಗಿಯಾಗ ತೊಟ್ಟಿಲಾ ತೀರ್ಯಾವೇನು?” ಎಂದು ಕಿರಾಣಿ ಅಂಗಡಿಯ ಗೂಳಪ್ಪ ಕೂಗಿದ.

“ತೀರ್ಯಾವು ನೋಡಪಾ” ಎಂದು ಕಾಕಾ ನಕ್ಕು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಶರೀಫಾಬಿ ಈಗ ಏನು ಹೇಳುತ್ತಾರೋ ಎಂದು ಹೊಸ್ತಿಲಲ್ಲೇ ನಿಂತೆ. ಇಪ್ಪತ್ಮೂರು ವರ್ಷ ಒಂದು ದಿನವೂ ಬಿಡದೆ ಚುಚ್ಚಿದ ಹೆಂಗಸು. ಇದಕ್ಕಿಂತ ಒಳ್ಳೆಯ ಅವಕಾಶ ಇನ್ನು ಬರುವುದಿಲ್ಲ. ಅವರು ಬಾತುಕೋಳಿಗಳನ್ನು ನೋಡಿದರು, ಗಂಡನನ್ನು ನೋಡಿದರು. ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟು, “ಬಿಸಿಲಾಗ ಬಂದೀರಿ, ಕುಡೀರಿ” ಎಂದರು. ಅಷ್ಟೇ. ಚುಚ್ಚಲಿಲ್ಲ.

ಧಾರಾವಾಹಿಯಲ್ಲಾಗಿದ್ದರೆ ನಾವು ಮೂವರೂ ಕೈತಟ್ಟಿ ನಗುತ್ತಿದ್ದೆವು, ಈ ಪಾತ್ರ ಹೀಗೆ ಮಾತಾಡುವುದೇ ಇಲ್ಲ, ಬರೆದವರು ಮರೆತಿದ್ದಾರೆ ಎಂದು. ಕಾಕಾ ನೀರು ಕುಡಿದು, ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು.

ನಾನು ಅಲ್ಲೇ ನಿಂತು ನಂಬರು ಒತ್ತಿದೆ. ಲಸಿಕೆ ಕಾರ್ಡು ಮನೆಯಲ್ಲೇ ಉಳಿದಿತ್ತು. ನೀಲಕ್ಕ ಸೊಂಟದ ಮೇಲಿಂದ ಫೋನ್ ಕಸಿದುಕೊಳ್ಳಲು ನೋಡಿದಳು. ಗಂಟೆ ಹೋಗುತ್ತಲೇ ಇತ್ತು. ಯಾರೂ ಎತ್ತದಿರಲಿ ಎಂದು ಅರ್ಧ ಮನಸ್ಸು ಬೇಡಿಕೊಳ್ಳುತ್ತಿತ್ತು.

“ಹಲೋ, ಯಾರ್ರಿ?” ಹುಡುಗಿಯ ದನಿ. “ಅವ್ವ ಕ್ಲಾಸಿನ್ಯಾಗ ಅದಾಳ. ಶಿಬಿರದ ವಿಷಯೇನ್ರಿ?”

“ಅಲ್ಲ... ನಾನು ಕಲಘಟಗಿಯಿಂದ... ನಿಮ್ಮನೇಲಿ ಒಂದು ಹಳೇ ತೊಟ್ಟಿಲು ಇದೆಯಾ?” ಎಂದುಬಿಟ್ಟೆ. ನಮಸ್ಕಾರವನ್ನೂ ಹೇಳಲಿಲ್ಲ.

ಆ ಹುಡುಗಿ ಫೋನಿನಿಂದ ಬಾಯಿ ತಿರುಗಿಸಿ ಕೂಗಿದಳು: “ಅವ್ವಾ! ಲಗೂ ಬಾ! ತೊಟ್ಟಿಲದವ್ರು ಕಡೀಕೂ ಸಿಕ್ರು!” ಮತ್ತೆ ನನಗೆ: “ಎಲ್ಲಿದ್ರಿ ನೀವು ಇಷ್ಟ ವರ್ಷ? ಸೀರಿಯಲ್ ಮಂದಿ ತಿರುಗಿ ಕೊಡು ಅಂತ ಹೇಳಿ ಕೊಟ್ಟಿದ್ರಂತ, ಯಾರಿಗೆ ಅಂತ ಹೇಳಿದ್ದಿಲ್ಲಂತ. ನಮ್ಮವ್ವ ಎರಡ್ ಸರ್ತಿ ನಿಮ್ಮೂರಿಗೆ ಬಂದು ಬಣ್ಣದ ಕೆಲಸದ ಮನಿ ಒಂದೂ ಬಿಡದಂಗ ಕೇಳ್ಯಾಳ. ಎಲ್ಲಾರೂ ನಮ್ದಲ್ಲ ಅಂದ್ರಂತ.”

ನಾನು ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಕಾಕಾ ಪೆನ್ಸಿಲ್ ಹಿಡಿದೇ ಹತ್ತಿರ ಬಂದರು.

“ಬಣ್ಣದವ್ರನ್ನ ಕೇಳ್ಯಾರ” ಎಂದರು ಮೆಲ್ಲಗೆ, ಹೆಂಡತಿಗೆ. “ಕಟಗಿಯಂವನ್ನ ಯಾರೂ ಕೇಳಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಮೂರನೇ ಗಿಳಿಗೆ ಕಣ್ಣೈತೇನು, ಕೇಳು” ಎಂದರು.

ನಾನು ಕೇಳುವ ಮೊದಲೇ ಆ ಕಡೆಯಿಂದ ಹುಡುಗಿ ಸಿಡುಕಿದಳು.

“ಕಣ್ಣಿಲ್ರಿ! ಹಲ್ಲ ಬರುವಾಗ ನಾನಾ ಕಚ್ಚಿ ತಗದೀನಿ ಅಂತ ನಮ್ಮಜ್ಜಿ ಕಡೆ ಇಪ್ಪತ್ತೆರಡು ವರ್ಷ ಬೈಸ್ಕೊಂಡೀನ್ರಿ ನಾ. ಈಗರ ಖರೇ ಹೇಳ್ರಿ, ಯಾರದು ಆ ಕೆಲಸಾ?”

ಶರೀಫಾಬಿ ನನ್ನ ಕೈಯಿಂದ ಫೋನ್ ಕಸಿದುಕೊಂಡು ಒಳಕೋಣೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕರೆದರು:

“ಫರಹತ್, ಬಾ ಇಲ್ಲಿ! ನಿನಗೊಂದು ಫೋನ್ ಐತಿ!”